ವೈದ್ಯವೃತ್ತಿಯೂ ಸ್ವಸ್ಥಳವೂ: ರಾಮನಗರ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಕುರಿತ ಒಂದು ವಿಚಾರ

ವೃತ್ತಿಯೆಂಬ ಶಬ್ದವು ಈಗಿನ ಕನ್ನಡದಲ್ಲಿ ಉದ್ಯೋಗವೆಂಬ ಅರ್ಥವೊಂದನ್ನೇ ಹೆಚ್ಚಾಗಿ ಕೊಡುತ್ತಿರುವುದು. ವೈದ್ಯವೃತ್ತಿ, ವಕೀಲವೃತ್ತಿ ಎಂದು ನಾವು ಹೇಳುವಾಗ ಒಬ್ಬನು ಮಾಡುವ ಕೆಲಸವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿರುವೆವು. ಆದರೆ ನಮ್ಮ ಶಾಸನಗಳನ್ನು ಓದುವವರಿಗೆ ಈ ಮಾತಿನ ಬೇರೊಂದು ಅರ್ಥವು ಸುಪರಿಚಿತವಾದುದು. ಅಗ್ರಹಾರವನ್ನು ಕೊಟ್ಟಾಗ ಊರ ಭೂಮಿಯನ್ನು ಇಷ್ಟು ವೃತ್ತಿಗಳನ್ನಾಗಿ ವಿಭಾಗಿಸಿ, ಇಂಥವನಿಗೆ ಒಂದು, ಇಂಥವನಿಗೆ ಅರ್ಧ ಎಂದು ಹಂಚುತ್ತಿದ್ದರು. ಅಲ್ಲಿ ವೃತ್ತಿಯೆಂದರೆ ಮಾಡುವ ಕೆಲಸವಲ್ಲ. ಆ ಕೆಲಸ ಮಾಡುವವನು ನೆಲೆಯಾಗಿ ಕುಳಿತು ಬದುಕುವುದಕ್ಕೆ ಬೇಕಾದ ಭೂಮಿ, ಅದರ ಫಲ, ಊರಿನಲ್ಲಿ ಅವನಿಗೆ ಸಲ್ಲುವ ಸ್ಥಾನ. ಒಂದೇ ಶಬ್ದವು ಕೆಲಸವನ್ನೂ ನೆಲೆಯನ್ನೂ ಒಟ್ಟಿಗೆ ಹೇಳುತ್ತಿದ್ದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಈಗ ಆ ಎರಡರ್ಥಗಳೂ ಬೇರೆಬೇರೆಯಾಗಿ ಹೋಗಿವೆ. ಕೆಲಸವು ಉಳಿದಿದೆ, ನೆಲೆಯು ಕಳಚಿಹೋಗಿದೆ.

ಈ ಶಬ್ದವಿಚಾರಕ್ಕೆ ಕಾರಣವಾದುದು ಒಂದು ಲೌಕಿಕವಾದ ಪ್ರಶ್ನೆ. ಸರ್ಕಾರದ ಹಣದಿಂದ ವೈದ್ಯವಿದ್ಯೆಯನ್ನೂ ದಂತವೈದ್ಯವಿದ್ಯೆಯನ್ನೂ ಕಲಿತ ನಮ್ಮ ಹುಡುಗರು ತಮ್ಮ ಊರುಗಳಿಗೆ ಏಕೆ ಹಿಂದಿರುಗುವುದಿಲ್ಲ? ಹಿಂದಿರುಗಿಸಿಕೊಳ್ಳುವುದು ಹೇಗೆ? ನಾನು ವೈದ್ಯನಲ್ಲ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಸಾಹಿತ್ಯವನ್ನೂ ಓದಿ, ಬಹುಕಾಲ ಈ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನು ಪಾಠ ಹೇಳಿದವನು. ನನ್ನಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿದ ಹುಡುಗರಲ್ಲಿ ಕೆಲವರು ವೈದ್ಯರಾದರು; ಬೆಂಗಳೂರಿನಲ್ಲಿ ನನಗೆ ಕಾಯಿಲೆಯಾದಾಗ ಒಬ್ಬನು ಬಲು ಆದರದಿಂದ ನೋಡಿಕೊಂಡನು. “ಊರಿನಲ್ಲಿ ಯಾರಿದ್ದಾರಪ್ಪ ಈಗ?” ಎಂದು ಕೇಳಿದೆನು. “ಯಾರೂ ಇಲ್ಲ ಮೇಷ್ಟ್ರೇ” ಎಂದನು. ಅವನ ತಾಯಿ ಆಗ ಊರಿನಲ್ಲಿಯೇ ಇದ್ದಳೆಂಬುದು ನನಗೆ ಗೊತ್ತಿದ್ದಿತು. ಅವನು ಸುಳ್ಳು ಹೇಳಿದನೆಂದು ನಾನು ತಿಳಿಯಲಿಲ್ಲ; ಊರಿನಲ್ಲಿ ವೈದ್ಯನನ್ನು ವೈದ್ಯನೆಂದು ಕರೆದು ಕೂರಿಸಿಕೊಳ್ಳುವವರು ಯಾರೂ ಇಲ್ಲವೆಂಬುದು ಅವನ ಅಭಿಪ್ರಾಯವಾಗಿದ್ದಿರಬೇಕು. ಈ ಮಾತೇ ಪ್ರಕೃತ ಲೇಖನಕ್ಕೆ ಮೂಲವು.

ವಿಷಯಕ್ಕೆ ಬರುವ ಮೊದಲು ಸ್ಥಳವನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ತಾಲ್ಲೂಕುಗಳು ೨೦೦೭ನೆಯ ಇಸವಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿದವು. ಈಚೆಗೆ ಹಾರೋಹಳ್ಳಿಯು ಬೇರೊಂದು ತಾಲ್ಲೂಕಾಯಿತು. ೨೦೨೫ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನಿಟ್ಟರು. ಹೆಸರುಗಳು ಬದಲಾಗುವುದು ಈ ಸೀಮೆಗೆ ಹೊಸತಲ್ಲ. ದಿವಾನ್ ಪೂರ್ಣಯ್ಯನವರು ೧೮೦೦ರಲ್ಲಿ ಕಟ್ಟಿಸಿದ ಪೇಟೆಗೆ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರು ಬಂದು ಕ್ಲೋಸ್‌ಪೇಟೆಯಾಗಿ, ಅದೇ ರಾಮನಗರವಾಯಿತು. ಕನಕಪುರವು ಹಿಂದೆ ಕಾನಕಾನಹಳ್ಳಿ. ಆದರೆ ಹೊಸ ಹೆಸರಿನಲ್ಲಿ ಒಂದು ನಿಜವು ತಾನಾಗಿಯೇ ಹೊರಪಟ್ಟಿದೆ: ಈ ಸೀಮೆಯು ಬೆಂಗಳೂರಿನ ಬಾಗಿಲಲ್ಲಿರುವುದು. ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿಯು ೧೮೮೨ರಲ್ಲಿ ಪೂರ್ಣಗೊಂಡಂದಿನಿಂದ ರಾಮನಗರ ಚನ್ನಪಟ್ಟಣಗಳ ಜನರು ಬೆಳಗ್ಗೆ ಹೋಗಿ ಸಂಜೆಗೆ ಬರಬಹುದಾಯಿತು. ೨೦೨೩ರಲ್ಲಿ ಪ್ರಾರಂಭವಾದ ಹೆದ್ದಾರಿಯಿಂದ ಆ ದಾರಿಯು ಇನ್ನೂ ಮೊಟಕಾಯಿತು. ಮಾಗಡಿಗೂ ಕನಕಪುರಕ್ಕೂ ಇಂದಿಗೂ ರೈಲಿಲ್ಲ.

ದೂರದ ಬೀದರ, ರಾಯಚೂರುಗಳಲ್ಲಿ ವೈದ್ಯರು ನಿಲ್ಲುವುದಿಲ್ಲವೆಂದರೆ ದೂರವೇ ಕಾರಣವೆಂದು ಹೇಳುವರು. ಇಲ್ಲಿ ಹಾಗೆ ಹೇಳುವಂತಿಲ್ಲ. ಇಲ್ಲಿ ಸಾಮೀಪ್ಯವೇ ಕಾರಣವು. ಬೆಂಗಳೂರಿನಲ್ಲಿ ಮನೆಮಾಡಿಕೊಂಡು ರಾಮನಗರದಲ್ಲಿ ಹಗಲಿನ ಕೆಲಸ ಮಾಡಬಹುದಾದವನು ರಾಮನಗರದಲ್ಲಿ ಏಕೆ ಮನೆಮಾಡಿಯಾನು? ರಾತ್ರಿ ಹತ್ತುಗಂಟೆಗೆ ಹೆರಿಗೆನೋವು ಬಂದವಳಿಗೂ, ಹಿಪ್ಪುನೇರಳೆ ತೋಟದಲ್ಲಿ ಹಾವು ಕಚ್ಚಿಸಿಕೊಂಡವನಿಗೂ ಹಗಲಿನ ವೈದ್ಯನಿಂದ ಏನು ಪ್ರಯೋಜನವೆಂಬುದನ್ನು ವಾಚಕರೇ ಊಹಿಸಬಹುದು. ಆದುದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ವೈದ್ಯನು ಬರುವನೋ ಇಲ್ಲವೋ ಎಂಬುದಕ್ಕಿಂತ ಅವನು ಅಲ್ಲಿ ವಾಸಮಾಡುವನೋ ಇಲ್ಲವೋ ಎಂಬುದೇ ಮುಖ್ಯವಾದ ಪ್ರಶ್ನೆಯು.

ಪ್ರಾಚೀನರು ಈ ವಿಷಯವನ್ನು ಆಲೋಚಿಸಿರುವರೇ? ಆಲೋಚಿಸಿರುವರು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಪ್ರಾರಂಭದಲ್ಲಿ ಜನಪದನಿವೇಶವೆಂಬ ಪ್ರಕರಣವುಂಟು. ಹೊಸದಾಗಿ ಊರುಗಳನ್ನು ನೆಲೆಗೊಳಿಸುವ ಅರಸನು ಯಾರುಯಾರಿಗೆ ಭೂಮಿಯನ್ನು ಕೊಡಬೇಕೆಂಬುದನ್ನು ಅಲ್ಲಿ ಹೇಳಿದೆ. ಋತ್ವಿಜರಿಗೂ ಶ್ರೋತ್ರಿಯರಿಗೂ ಕೊಡುವ ಬ್ರಹ್ಮದೇಯವು ಒಂದು ಬಗೆ. ಅದಾದಮೇಲೆ ಅಧ್ಯಕ್ಷರು, ಲೆಕ್ಕಿಗರು, ಗೋಪರು, ಸ್ಥಾನಿಕರು, ಆನೆಯನ್ನು ನೋಡಿಕೊಳ್ಳುವವರು, ಚಿಕಿತ್ಸಕರು, ಕುದುರೆಯನ್ನು ಪಳಗಿಸುವವರು, ಓಲೆಕಾರರು ಇವರಿಗೆ ಕೊಡತಕ್ಕ ಭೂಮಿ. ಈ ಎರಡನೆಯ ಬಗೆಗೆ ಒಂದು ನಿಯಮವನ್ನು ಹೇಳಿದೆ: ಆ ಭೂಮಿಯನ್ನು ಮಾರಕೂಡದು, ಒತ್ತೆಯಿಡಲೂ ಕೂಡದು. ಈ ನಿಯಮದ ಮರ್ಮವನ್ನು ಗಮನಿಸಬೇಕು. ಚಿಕಿತ್ಸಕನಿಗೆ ಹಣವನ್ನು ಕೊಟ್ಟರೆ ಅವನು ಅದನ್ನು ತೆಗೆದುಕೊಂಡು ಪಾಟಲಿಪುತ್ರಕ್ಕೆ ಹೋಗಬಲ್ಲನು. ಮಾರಬಹುದಾದ ಭೂಮಿಯನ್ನು ಕೊಟ್ಟರೂ ಅಷ್ಟೇ. ಮಾರಲಾಗದ ಭೂಮಿಯನ್ನು ಕೊಟ್ಟರೆ ಅದರ ಫಲವನ್ನು ಅಲ್ಲಿದ್ದೇ ಉಣ್ಣಬೇಕು. ಅವನನ್ನು ಕಟ್ಟಿಹಾಕಲಿಲ್ಲ, ಅವನ ಅನ್ನವನ್ನು ಆ ಸ್ಥಳದಲ್ಲಿ ಬೇರೂರಿಸಿದರು. ಈ ಗ್ರಂಥದ ತಾಳೆಗರಿಯ ಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಅಚ್ಚಾಯಿತೆಂಬುದು ನಮ್ಮವರೆಲ್ಲರೂ ಹೆಮ್ಮೆಪಡುವ ಸಂಗತಿಯು. ರಾಜನೀತಿಯನ್ನೂ ಗೂಢಚಾರರನ್ನೂ ಕುರಿತು ಅದರಿಂದ ಉದಾಹರಿಸದವರಿಲ್ಲ. ಚಿಕಿತ್ಸಕನ ಭೂಮಿಯನ್ನು ಕುರಿತ ಈ ಸಣ್ಣ ವಾಕ್ಯವನ್ನು ಎತ್ತಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಆಯುರ್ವೇದದ ಆಚಾರ್ಯರು ಸ್ಥಳದ ಮಾತನ್ನು ಎತ್ತುವುದಿಲ್ಲವೆಂಬುದೂ ವಿಚಾರಾರ್ಹವಾದುದೇ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ಅಗ್ನಿಯ ಮುಂದೆ ಉಪದೇಶಿಸತಕ್ಕ ನಿಯಮಗಳು ಬಹಳ ಇವೆ. ತನ್ನ ಪ್ರಾಣಕ್ಕೆ ಕುಂದು ಬಂದರೂ ರೋಗಿಗೆ ದ್ರೋಹಮಾಡಬಾರದು, ರೋಗಿಯ ಮನೆಯ ಮಾತನ್ನು ಹೊರಗೆ ಆಡಬಾರದು ಎಂಬಿವೇ ಮೊದಲಾದುವು ಅಲ್ಲಿರುವುವು. ಇಂಥ ಊರಿನಲ್ಲಿ ಇರಬೇಕೆಂಬ ನಿಯಮವು ಇಲ್ಲ. ಸುಶ್ರುತನು ವಿದ್ಯೆಯನ್ನು ಮುಗಿಸಿದವನು ರಾಜನ ಅನುಜ್ಞೆಯನ್ನು ಪಡೆದು ಚಿಕಿತ್ಸೆಗೆ ತೊಡಗಬೇಕೆಂದು ಮಾತ್ರ ವಿಧಿಸುವನು. ಗುರುವು ಶಿಷ್ಯನನ್ನು ರೋಗಿಗೆ ಕಟ್ಟಿದನು. ಸ್ಥಳಕ್ಕೆ ಕಟ್ಟುವ ಕಾರ್ಯವನ್ನು ಅರಸನಿಗೂ ಊರಿಗೂ ಬಿಟ್ಟನು. ಈ ವಿಭಾಗವು ಸರಿಯಾದುದೆಂದು ನನ್ನ ಮತವು. ವಿದ್ಯಾಲಯದಲ್ಲಿ ಪ್ರಮಾಣಮಾಡಿಸಿ ಹಳ್ಳಿಗೆ ಕಳುಹಿಸಬಹುದೆಂದು ನಂಬುವವರು ಗುರುವಿನಿಂದ ಅರಸನ ಕೆಲಸವನ್ನು ಮಾಡಿಸಹೊರಟಿರುವರು.

ಅರಸನೂ ಊರೂ ಈ ಕೆಲಸವನ್ನು ಹೇಗೆ ನಡೆಸಿದರೆಂಬುದಕ್ಕೆ ಎರಡು ಶಾಸನಗಳನ್ನು ಇಲ್ಲಿ ನೆನೆದರೆ ಸಾಕು. ೧೦೦೪ರ ಸುಮಾರಿನಲ್ಲಿ ತಲಕಾಡು ಬಿದ್ದಮೇಲೆ ಗಂಗವಾಡಿಯ ಈ ಭಾಗವು ಚೋಳರ ಕೈಸೇರಿ, ವಿಷ್ಣುವರ್ಧನನು ೧೧೧೬ರಲ್ಲಿ ತಲಕಾಡನ್ನು ತೆಗೆದುಕೊಳ್ಳುವವರೆಗೆ ಅವರ ಆಡಳಿತದಲ್ಲಿದ್ದಿತು. ಅದೇ ಚೋಳರ ಕಾಲದಲ್ಲಿ, ವೀರರಾಜೇಂದ್ರನು (೧೦೬೩–೧೦೭೦) ಆಳುತ್ತಿದ್ದಾಗ, ಕಾಂಚೀಪುರದ ಸಮೀಪದ ತಿರುಮುಕ್ಕೂಡಲಿನ ದೇವಾಲಯದಲ್ಲಿ ಬರೆಸಿದ ಶಾಸನವು ಹದಿನೈದು ಹಾಸಿಗೆಗಳ ಒಂದು ಆತುರಶಾಲೆಯ ಖರ್ಚುವೆಚ್ಚವನ್ನು ಕಾಳುಕಾಳಾಗಿ ವಿವರಿಸುವುದು. ವೈದ್ಯನಿಗೆ ವರ್ಷಕ್ಕೆ ೯೦ ಕಲಂ ಬತ್ತ, ೮ ಕಾಸು. ಶಸ್ತ್ರಚಿಕಿತ್ಸೆ ಮಾಡುವವನಿಗೆ ೩೦ ಕಲಂ ಬತ್ತ. ಮೂಲಿಕೆಗಳನ್ನು ತರುವವರು, ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರು, ನೀರು ತರುವವನು, ಕ್ಷೌರಿಕ ಇವರಿಗೂ ಪ್ರತ್ಯೇಕವಾಗಿ ವಿಧಿಸಿದೆ. ವೈದ್ಯನೊಬ್ಬನನ್ನು ನೇಮಿಸಿ ಕೈತೊಳೆದುಕೊಳ್ಳಲಿಲ್ಲ. ಅವನು ಕೆಲಸಮಾಡುವುದಕ್ಕೆ ಬೇಕಾದ ಪರಿವಾರವನ್ನೆಲ್ಲ ಅವನೊಡನೆ ಕೂರಿಸಿದರು. ಔಷಧವಿಲ್ಲದ, ದಾದಿಯಿಲ್ಲದ ಆಸ್ಪತ್ರೆಯಲ್ಲಿ ಒಬ್ಬ ವೈದ್ಯನನ್ನು ಕೂರಿಸಿ, ಅವನು ನಿಲ್ಲಲಿಲ್ಲವೆಂದು ದೂರುವುದು ಆ ಕಾಲದವರಿಗೆ ತಿಳಿಯದ ನೀತಿಯು.

ಎರಡನೆಯದು ನಮ್ಮ ನಾಡಿನದೇ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಸಾಹಿತ್ಯದ ಉಪಾಧ್ಯಾಯರಿಗೆಲ್ಲ ಪರಿಚಿತವಾದುದೇ. ಅಲ್ಲಿ ವೇದ, ವ್ಯಾಕರಣ, ದರ್ಶನ, ನಾಟಕಾದಿಗಳ ಪಾಠವು ನಡೆಯುತ್ತಿದ್ದಿತೆಂಬುದನ್ನು ನಾವು ಉತ್ಸಾಹದಿಂದ ಹೇಳುವೆವು. ಅದೇ ಮಠದಲ್ಲಿ ದೀನರಿಗೂ ಅಂಧರಿಗೂ ಅನ್ನವಿದ್ದಿತೆಂದೂ, ನಾನಾ ರೋಗಿಗಳಿಗೆ ಔಷಧವು ದೊರೆಯುತ್ತಿದ್ದಿತೆಂದೂ ಶಾಸನವು ಹೇಳುವುದನ್ನು ಅಷ್ಟೇ ಉತ್ಸಾಹದಿಂದ ಹೇಳಿದರೆ ಒಳ್ಳೆಯದು. ಕಲಿಸುವ ಸ್ಥಳವೂ ಗುಣಪಡಿಸುವ ಸ್ಥಳವೂ ಒಂದೇ ಆಗಿದ್ದಿತು. ಈ ಮಾತು ಮುಂದೆ ಕ್ಲೋಸ್‌ಪೇಟೆಯ ವಿಷಯಕ್ಕೆ ಬಂದಾಗ ಬೇಕಾಗುವುದು.

ಭಾಷೆಯ ವಿಷಯವನ್ನು ಇಲ್ಲಿ ಬಿಡಲಾಗದು. ವಿದ್ಯೆಯು ಹೊರಗೆ ಹೋಗಿ ಮನೆಗೆ ಹಿಂದಿರುಗುವುದೆಂದರೆ ಭಾಷೆಗೆ ಹಿಂದಿರುಗುವುದೂ ಹೌದು. ಪೂಜ್ಯಪಾದರ ವೈದ್ಯವನ್ನು ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವೆಂದು ಕನ್ನಡಕ್ಕೆ ತಂದನು. ಚಾಳುಕ್ಯವಂಶದ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ವಿಜಯನಗರದ ಆದಿಕಾಲದಲ್ಲಿ ಮಂಗರಾಜನು ವಿಷಚಿಕಿತ್ಸೆಯನ್ನು ಖಗೇಂದ್ರಮಣಿದರ್ಪಣವೆಂಬ ಕಾವ್ಯರೂಪದಲ್ಲಿ ರಚಿಸಿದನು. ಇವನ್ನು ನಾವು ಶಾಸ್ತ್ರಸಾಹಿತ್ಯವೆಂಬ ಒಂದು ಅಧ್ಯಾಯಕ್ಕೆ ಸೇರಿಸಿ, ಪರೀಕ್ಷೆಗೆ ಎರಡಂಕದ ಪ್ರಶ್ನೆಯಾಗಿ ಮಾಡಿಬಿಟ್ಟಿದ್ದೇವೆ. ಸಂಸ್ಕೃತದಲ್ಲಿ ಓದಿದ ವಿದ್ವಾಂಸರು ಹಾವು ಕಚ್ಚಿದವನ ಮನೆಯಲ್ಲಿ ಆಡುವ ಮಾತಿನಲ್ಲಿ ಬರೆಯಬೇಕೆಂದು ಏಕೆ ಎಣಿಸಿದರು? ಇಂದು ಇಂಗ್ಲಿಷಿನಲ್ಲಿ ಐದೂವರೆ ವರ್ಷ ಓದಿ ಬಂದವನ ಮುಂದೆ ಮಾಗಡಿಯ ಮುದುಕಿಯು ಹೊಟ್ಟೆ ತೊಳಸುತ್ತದೆ, ಎದೆ ಹಿಡಿದಂತಾಗುತ್ತದೆ, ಕಣ್ಣು ಕತ್ತಲಿಟ್ಟಿತು ಎಂದಾಗ, ಆ ಮೂರು ಮಾತುಗಳ ಭೇದವನ್ನು ಗ್ರಹಿಸುವುದಕ್ಕೆ ಆ ಸೀಮೆಯ ಮಗನಾದವನಿಗೆ ವ್ಯಾಖ್ಯಾನವು ಬೇಕಾಗುವುದಿಲ್ಲ. ಊರಿನವನೇ ವೈದ್ಯನಾಗಬೇಕೆಂಬುದಕ್ಕೆ ಇದೊಂದು ಕಾರಣವು, ಅಭಿಮಾನದ ಮಾತಲ್ಲ.

ಇನ್ನು ಮೈಸೂರು ಸಂಸ್ಥಾನದ ಕಾಲಕ್ಕೆ ಬರೋಣ. ಸಂಸ್ಥಾನದಲ್ಲಿ ೧೯೨೪ರವರೆಗೆ ವೈದ್ಯಕೀಯ ಕಾಲೇಜು ಇರಲಿಲ್ಲ. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಆಯುರ್ವೇದದ ಕಾಲೇಜು ಅದಕ್ಕೂ ಮೊದಲೇ, ೧೯೦೮ರಲ್ಲಿ ಮೈಸೂರಿನಲ್ಲಿ ಹುಟ್ಟಿದ್ದಿತು. ಆಂಗ್ಲವೈದ್ಯದ ಪದವಿಯು ಬೇಕಾದವರು ಮದರಾಸು ಮೊದಲಾದ ಕಡೆಗೆ ಹೋಗಬೇಕಾಗಿದ್ದ ಆ ಕಾಲದ ಒಂದು ಚರಿತ್ರೆಯನ್ನು ಕುರಿತು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿರುವೆನು.

ತಿರುವನಂತಪುರದಲ್ಲಿ ೧೮೬೩ರಲ್ಲಿ ಹುಟ್ಟಿದ ಪದ್ಮನಾಭನ್ ಪಲ್ಪು ಎಂಬವರು ಈಳವ ಕುಲದವರು. ತಿರುವಾಂಕೂರಿನ ವೈದ್ಯಶಿಕ್ಷಣಕ್ಕೆ ನಡೆದ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಜಾತಿಯ ಕಾರಣದಿಂದ ಅವರಿಗೆ ಅಲ್ಲಿ ಸ್ಥಳ ದೊರೆಯಲಿಲ್ಲ. ಕಷ್ಟಪಟ್ಟು ಮದರಾಸಿನಲ್ಲಿ ಓದಿ ವೈದ್ಯರಾಗಿ ಸ್ವದೇಶಕ್ಕೆ ಹಿಂದಿರುಗಿ ಕೆಲಸವನ್ನು ಕೇಳಿದರು. ತಿರುವಾಂಕೂರು ಸರ್ಕಾರವು ಕೊಡಲಿಲ್ಲ. ಆಗ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಓಡಿಹೋಗುವವರು ಓಡಿಹೋಗುತ್ತಿರುವಲ್ಲಿ, ಅವರು ರೋಗಿಗಳ ಶಿಬಿರದಲ್ಲಿ ನಿಂತು ಕೆಲಸಮಾಡಿದರು. ಮೈಸೂರು ಸರ್ಕಾರವು ಅವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿತು. ಅಲ್ಲಿಂದ ಅವರು ಮೈಸೂರಿಗೆ ಹಿಂದಿರುಗಿ ಬಂದು ಸಂಸ್ಥಾನದ ಸೇವೆಯಲ್ಲಿಯೇ ಮುಂದುವರಿದರು. ಹುಟ್ಟೂರಿನವರು ಈಳವರಿಗೆ ಆಗುತ್ತಿದ್ದ ಅನ್ಯಾಯವನ್ನು ಅವರು ಮರೆಯಲಿಲ್ಲ. ೧೮೯೬ರಲ್ಲಿ ೧೩,೧೭೬ ಮಂದಿಯ ಸಹಿಯುಳ್ಳ ಮನವಿಯನ್ನು ತಿರುವಾಂಕೂರು ಮಹಾರಾಜರಿಗೆ ಒಪ್ಪಿಸಿದುದು ಅವರ ಮುಂದಾಳುತನದಲ್ಲಿಯೇ. ೧೯೫೦ರಲ್ಲಿ ತೀರಿಕೊಂಡರು.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಕೇರಳದ ಸಮಾಜಸುಧಾರಣೆಯ ಪ್ರಕರಣದಲ್ಲಿ ಓದುವರು. ನಮ್ಮ ಪ್ರಶ್ನೆಗೂ ಇದು ಮುಟ್ಟುವುದು. ಇಲ್ಲಿ ವೈದ್ಯನು ಊರಿಗೆ ಬರಲೊಲ್ಲದವನಲ್ಲ. ಊರು ವೈದ್ಯನನ್ನು ಒಲ್ಲದುದು. ಸರ್ಕಾರದ ಹಣದಿಂದ ಓದಿ ಹಿಂದಿರುಗಿದುದೂ ಉಂಟು. ಆದರೆ ಹಿಂದಿರುಗಿದುದು ಹುಟ್ಟಿದ ನಾಡಿಗಲ್ಲ, ತನ್ನನ್ನು ವೈದ್ಯನೆಂದು ಕರೆದು ಕೂರಿಸಿಕೊಂಡ ನಾಡಿಗೆ. ನಮ್ಮ ಶಿಷ್ಯನ “ಯಾರೂ ಇಲ್ಲ” ಎಂಬ ಮಾತು ಇದನ್ನು ಬರೆಯುವಾಗ ನನಗೆ ಮತ್ತೆ ನೆನಪಿಗೆ ಬರುತ್ತಿರುವುದು. ಇಂದಿಗೂ ನಮ್ಮ ಹಳ್ಳಿಗಳಲ್ಲಿ ಕೇರಿಯ ಹುಡುಗನು ವೈದ್ಯನಾಗಿ ಬಂದರೆ ಅವನಿಗೆ ಊರ ನಡುವೆ ಬಾಡಿಗೆಯ ಮನೆಯು ಸುಲಭವಾಗಿ ಸಿಕ್ಕುವುದೇ ಎಂಬುದನ್ನು ನಾವು ಎದೆಮುಟ್ಟಿಕೊಂಡು ಕೇಳಿಕೊಳ್ಳಬೇಕು. ಊರಿಗೆ ಹಿಂದಿರುಗಿರಿ ಎಂದು ಉಪದೇಶಿಸುವ ನಾವು, ಊರು ಎಲ್ಲರಿಗೂ ಒಂದೇ ಬಗೆಯ ತಾಯಿಯಾಗಿರಲಿಲ್ಲವೆಂಬುದನ್ನು ಮರೆಯಲಾಗದು.

ರಾಮನಗರದ ಚರಿತ್ರೆಯಲ್ಲಿಯೇ ಈ ವಿಷಯಕ್ಕೆ ಸಂಬಂಧಪಟ್ಟ ಒಂದು ಅಧ್ಯಾಯವುಂಟೆಂಬುದು ಅಲ್ಲಿಯ ಜನರಿಗೇ ಈಗ ಅಷ್ಟಾಗಿ ತಿಳಿಯದು. ೧೯೩೦ರ ದಶಕದಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಕ್ಲೋಸ್‌ಪೇಟೆಯಲ್ಲಿ ಒಂದು ಗ್ರಾಮಾರೋಗ್ಯ ಘಟಕವನ್ನು ಸ್ಥಾಪಿಸಿತು. ಕಾಯಿಲೆ ಬಂದಮೇಲೆ ಔಷಧ ಕೊಡುವುದಕ್ಕಿಂತ ನೀರು, ಕಕ್ಕಸು, ಹೆರಿಗೆ, ಮಲೇರಿಯ ಇವುಗಳ ವಿಷಯದಲ್ಲಿ ಮೊದಲೇ ಎಚ್ಚರಪಡುವುದು ಇಂಥ ಘಟಕಗಳ ಉದ್ದೇಶವು. ಆರೋಗ್ಯ ಇಲಾಖೆಯ ಕೆಲಸಗಾರರು ಹಳ್ಳಿಯ ಕೆಲಸವನ್ನು ಹಳ್ಳಿಯಲ್ಲಿಯೇ ಕಲಿಯಲೆಂದು ಅದು ಶಿಕ್ಷಣಕೇಂದ್ರವೂ ಆಯಿತು. ಕೋಡಿಯಮಠದಲ್ಲಿ ಕಂಡಂತೆ, ಕಲಿಸುವ ಸ್ಥಳವೂ ಗುಣಪಡಿಸುವ ಸ್ಥಳವೂ ಒಂದಾಗಿದ್ದ ಬಗೆಯು ಎಂಟುನೂರು ವರ್ಷಗಳ ತರುವಾಯ ಬೇರೊಂದು ರೂಪದಲ್ಲಿ ಈ ಸೀಮೆಯಲ್ಲಿ ಕಾಣಿಸಿಕೊಂಡಿತು. ಸ್ವಾತಂತ್ರ್ಯ ಬಂದಮೇಲೆ, ೧೯೫೦ರ ದಶಕದ ಮೊದಲ ವರ್ಷಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕುಟುಂಬಯೋಜನೆಯ ಪ್ರಥಮ ಪ್ರಯೋಗಗಳಲ್ಲಿ ಒಂದನ್ನು ನಡೆಸಿದುದೂ ಇದೇ ರಾಮನಗರದಲ್ಲಿ. ಹೀಗೆ ಹೊರಗಿನವರು ಇಲ್ಲಿಗೆ ಬಂದು ಕಲಿತು ಹೋದರು. ಕಲಿತುಹೋದವರಿಗೆ ಈ ಸ್ಥಳವು ಪಾಠಶಾಲೆಯಾಯಿತೇ ಹೊರತು ನೆಲೆಯಾಗಲಿಲ್ಲ. ಈ ಸೀಮೆಯ ಮಕ್ಕಳನ್ನೇ ಆರಿಸಿ ಇಲ್ಲಿಯೇ ಕಲಿಸಿ ಇಲ್ಲಿಯೇ ನಿಲ್ಲಿಸುವ ಆಲೋಚನೆಯು ಆಗ ಯಾರಿಗೂ ಹೊಳೆದಂತೆ ಕಾಣುವುದಿಲ್ಲ. ಹೊಳೆದಿದ್ದರೆ ನಮ್ಮಲ್ಲಿ ಬೇರೊಂದು ಸಂಪ್ರದಾಯವೇ ಬೆಳೆಯುತ್ತಿದ್ದಿತು.

ಭಾರತದ ಉಳಿದೆಡೆಗಳಲ್ಲಿ ನಡೆದುದನ್ನು ಸಂಕ್ಷೇಪವಾಗಿ ಹೇಳುವೆನು. ಮದರಾಸು ಪ್ರಾಂತ್ಯದಲ್ಲಿ ೧೯೨೪ರಲ್ಲಿ, ಹಳ್ಳಿಯಲ್ಲಿ ನೆಲಸುವ ಖಾಸಗಿ ವೈದ್ಯರಿಗೆ ಸರ್ಕಾರವು ವರ್ಷಕ್ಕಿಷ್ಟೆಂದು ಸಹಾಯಧನವನ್ನು ಕೊಡುವ ಯೋಜನೆಯು ಪ್ರಾರಂಭವಾಯಿತು. ವೈದ್ಯನು ಬಡವರನ್ನು ಹಣವಿಲ್ಲದೆ ನೋಡಬೇಕು, ಉಳಿದವರಿಂದ ಸಂಪಾದಿಸಬಹುದು. ಇದು ಹಳೆಯ ವೃತ್ತಿಯ ಹೊಸ ಅವತಾರವೇ ಸರಿ. ೧೯೪೬ರಲ್ಲಿ ವರದಿಯನ್ನು ಒಪ್ಪಿಸಿದ ಭೋರ್ ಸಮಿತಿಯು ಬ್ರಿಟಿಷ್ ಇಂಡಿಯದಲ್ಲಿ ೬,೩೦೦ ಜನರಿಗೆ ಒಬ್ಬ ವೈದ್ಯನಂತೆ ಇರುವನೆಂದು ಲೆಕ್ಕಹಾಕಿತು. ಅವರಲ್ಲಿ ಬಹುಮಂದಿ ಪಟ್ಟಣಗಳಲ್ಲಿದ್ದರು. ಅದೇ ಸಮಿತಿಯ ಸಲಹೆಯಿಂದ, ಕಡಮೆ ಕಾಲದಲ್ಲಿ ಮುಗಿಯುತ್ತಿದ್ದ ಲೈಸೆನ್ಷಿಯೇಟ್ ವ್ಯಾಸಂಗವನ್ನು ನಿಲ್ಲಿಸಿ, ಎಲ್ಲರಿಗೂ ಒಂದೇ ಪದವಿಯೆಂದಾಯಿತು. ಸಮಿತಿಯ ಕೆಲವು ಸದಸ್ಯರು ಇದನ್ನು ಒಪ್ಪಲಿಲ್ಲ. ಒಪ್ಪದವರ ಮಾತು ತಪ್ಪಾಗಿರಲಿಲ್ಲವೆಂದು ನನಗೆ ತೋರುವುದು. ಸಣ್ಣ ಪೇಟೆಗಳಲ್ಲಿ ಒಂದು ಕೋಣೆಯ ದವಾಖಾನೆಯನ್ನಿಟ್ಟುಕೊಂಡು ಮೂರು ತಲೆಮಾರುಗಳನ್ನು ನೋಡಿಕೊಂಡ ಎಲ್.ಎಂ.ಪಿ. ಡಾಕ್ಟರುಗಳನ್ನು ನನ್ನ ವಯಸ್ಸಿನವರು ತಮ್ಮ ಬಾಲ್ಯದಲ್ಲಿ ಮುದುಕರಾಗಿ ಕಂಡಿರುವರು. ಅವರ ತರುವಾಯ ಆ ಕೋಣೆಗಳಿಗೆ ಯಾರೂ ಬರಲಿಲ್ಲ. ಹಳೆಯ ಬಗೆಯ ಭೂಮಿಯ ವೃತ್ತಿಗಳ ದಾರಿಯೂ ೧೯೫೪ರ ಇನಾಮು ರದ್ದಿಯಾತಿ ಕಾಯಿದೆಯಿಂದ ಮುಚ್ಚಿಹೋಯಿತು. ಅದು ಉಳುವವನಿಗೆ ನ್ಯಾಯವಾದುದು; ಅದನ್ನು ಹಿಂದಕ್ಕೆ ತರಬೇಕೆಂದು ಯಾರೂ ಹೇಳಲಾರರು. ಆದರೆ ಮುಚ್ಚಿದ ದಾರಿಗೆ ಬದಲಾಗಿ ಬೇರೊಂದನ್ನು ತೆರೆಯಬೇಕಾಗಿದ್ದಿತು.

ತೆರೆದುದು ಮುಚ್ಚಳಿಕೆಯ ದಾರಿ. ೨೦೧೨ರಲ್ಲಿ ಕರ್ನಾಟಕದ ಶಾಸನಸಭೆಯು ವೈದ್ಯಕೀಯ ವ್ಯಾಸಂಗವನ್ನು ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸುವ ಕಾಯಿದೆಯನ್ನು ಮಾಡಿತು. ಅದು ೨೦೧೫ರಲ್ಲಿ ಜಾರಿಗೆ ಬಂದಿತು. ಇಂಥ ಮುಚ್ಚಳಿಕೆಗಳು ನ್ಯಾಯಸಮ್ಮತವೆಂದು ಸುಪ್ರೀಂ ಕೋರ್ಟು ೨೦೧೯ರಲ್ಲಿ ತೀರ್ಪನ್ನಿತ್ತಿತು. ೨೦೨೩ರ ಕೊನೆಯಲ್ಲಿ ಕಾಯಿದೆಯನ್ನು ತಿದ್ದಿ, ಖಾಲಿಯಿರುವ ಹುದ್ದೆಗಳಿಗೆ ತಕ್ಕಷ್ಟು ಮಂದಿಯನ್ನು ಮಾತ್ರ ತೆಗೆದುಕೊಳ್ಳುವಂತೆ ಮಾಡಿದರು. ಕಾಯಿದೆಯ ನ್ಯಾಯವನ್ನು ನಾನು ಪ್ರಶ್ನಿಸುವುದಿಲ್ಲ. ಜನರ ತೆರಿಗೆಯಿಂದ ಓದಿದವನು ಜನರಿಗೆ ಒಂದು ವರ್ಷವನ್ನು ಕೊಡುವುದು ಹೆಚ್ಚಲ್ಲ. ಆದರೆ ಈ ವರ್ಷವು ಋಣವನ್ನು ತೀರಿಸುವ ವರ್ಷವೇ ಹೊರತು ನೆಲೆಯೂರುವ ವರ್ಷವಲ್ಲ. ಮಾಗಡಿಯ ಹುಡುಗನು ಕಲಬುರಗಿಯಲ್ಲಿಯೂ, ಕಲಬುರಗಿಯವನು ಕನಕಪುರದಲ್ಲಿಯೂ ದಿನಗಳನ್ನು ಎಣಿಸುತ್ತ ಕುಳಿತರೆ, ಕೌಟಿಲ್ಯನು ಹೇಳಿದ ಬೇರು ಎರಡು ಕಡೆಯಲ್ಲಿಯೂ ಇಳಿಯುವುದಿಲ್ಲ.

ಇದಕ್ಕಿಂತ ಮೊದಲಿನ ಹಂತದಲ್ಲಿಯೇ ನಮ್ಮವರು ಒಂದು ಒಳ್ಳೆಯ ಕೆಲಸವನ್ನು ಅರ್ಧಮಾಡಿ ಬಿಟ್ಟಿರುವರು. ರಾಜ್ಯದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಸ್ಥಾನಗಳನ್ನು ಮೀಸಲಿಟ್ಟಿರುವರು. ಹಳ್ಳಿಯವನೆಂದು, ಕನ್ನಡದಲ್ಲಿ ಓದಿದವನೆಂದು ಅವನಿಗೆ ಸ್ಥಾನವನ್ನು ಕೊಡುವೆವು. ಆ ಗುಣಗಳೇ ಹಳ್ಳಿಯ ಆಸ್ಪತ್ರೆಯಲ್ಲಿ ಬೇಕಾದ ಗುಣಗಳು. ಆದರೆ ಪ್ರವೇಶವಾದ ಮಾರನೆಯ ದಿನದಿಂದ ಅವನ ಊರನ್ನು ಯಾರೂ ಕೇ

ಳುವುದಿಲ್ಲ. ಅವನು ಯಾವ ತಾಲ್ಲೂಕಿನಿಂದ ಬಂದನೋ ಆ ತಾಲ್ಲೂಕಿನ ಆಸ್ಪತ್ರೆಗೆ ಅವನು ಬರುವನೆಂಬುದೂ ತಿಳಿಯದು, ಅವನಿಗೆ ಆ ಆಸ್ಪತ್ರೆಯ ಪರಿಚಯವೂ ಇಲ್ಲ.

ಜಪಾನಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಜಿಚಿ ವೈದ್ಯವಿಶ್ವವಿದ್ಯಾಲಯವು ಈ ಕೆಲಸವನ್ನು ಪೂರ್ತಿಮಾಡಿದೆ. ಆ ದೇಶದ ೪೭ ಪ್ರಾಂತ್ಯಗಳಲ್ಲಿ ಒಂದೊಂದೂ ಪ್ರತಿವರ್ಷ ತನ್ನ ಇಬ್ಬರು ಮೂವರು ಮಕ್ಕಳನ್ನು ಆರಿಸಿ ಕಳುಹಿಸುವುದು. ಅವರು ಶುಲ್ಕವಿಲ್ಲದೆ ಆರು ವರ್ಷ ಓದಿ, ತಮ್ಮ ಪ್ರಾಂತ್ಯಕ್ಕೇ ಹಿಂದಿರುಗಿ ಒಂಬತ್ತು ವರ್ಷ ಕೆಲಸಮಾಡಬೇಕು. ಆ ಅವಧಿಯು ಮುಗಿದಮೇಲೂ ಹತ್ತರಲ್ಲಿ ಸುಮಾರು ಏಳು ಮಂದಿ ಅಲ್ಲಿಯೇ ಉಳಿದಿರುವರು. ನಮ್ಮ ಒಂದು ವರ್ಷಕ್ಕೂ ಅವರ ಒಂಬತ್ತು ವರ್ಷಗಳಿಗೂ ಇರುವ ಭೇದವು ಸಂಖ್ಯೆಯದು ಮಾತ್ರವಲ್ಲ. ಅಲ್ಲಿ ಹುಡುಗನು ಹೊರಡುವಾಗಲೇ ಅವನನ್ನು ಕಳುಹಿಸಿದ ಊರೊಂದುಂಟು. ಹಿಂದಿರುಗುವಾಗ ಕಾದಿರುವ ಊರೂ ಅದೇ. ನಮ್ಮ ಸಮೀಪದ ವೇಲೂರಿನ ಕ್ರೈಸ್ತ ವೈದ್ಯವಿದ್ಯಾಲಯದಲ್ಲಿಯೂ ದೂರದೂರದ ಮಿಷನ್ ಆಸ್ಪತ್ರೆಗಳ ಕಡೆಯವರು ವಿದ್ಯಾರ್ಥಿಗಳನ್ನು ಸೂಚಿಸಿ ಕಳುಹಿಸಿ, ಓದು ಮುಗಿದಮೇಲೆ ಕರೆಸಿಕೊಳ್ಳುವ ಕ್ರಮವು ಬಹುಕಾಲದಿಂದ ನಡೆದುಬಂದಿದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದೂ ವರ್ಷಕ್ಕೆ ಒಬ್ಬರನ್ನು ಹೀಗೆ ಕಳುಹಿಸಿ, ರಜೆಯ ದಿನಗಳಲ್ಲಿ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದು, ಹಿಂದಿರುಗಿದಾಗ ಮನೆಯನ್ನೂ ಉಪಕರಣವನ್ನೂ ಸಿದ್ಧಮಾಡಿಟ್ಟರೆ, ಅದಕ್ಕೆ ತಗಲುವ ವೆಚ್ಚವು ದೊಡ್ಡದಾಗಲಾರದು.

ದಂತವೈದ್ಯರ ವಿಷಯವು ಸ್ವಲ್ಪ ಬೇರೆ. ಸುಶ್ರುತನು ಬಾಯಿಯ ಏಳು ಸ್ಥಾನಗಳಲ್ಲಿ ೬೫ ರೋಗಗಳನ್ನು ಎಣಿಸಿರುವನು. ಬಾಯಿಯನ್ನು ಸಣ್ಣ ವಿಷಯವೆಂದು ಅವನು ತಿಳಿಯಲಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿಯೇ ಸ್ಥಾಪಿತವಾಯಿತು. ಎಲೆಯಡಕೆಯೊಡನೆ ಹೊಗೆಸೊಪ್ಪನ್ನು ಜಗಿಯುವ ನಮ್ಮ ಸೀಮೆಯಲ್ಲಿ ಬಾಯಿಯ ಹುಣ್ಣನ್ನು ಮೊದಲೇ ಕಂಡು ಹೇಳುವವನು ಪ್ರಾಣವನ್ನೇ ಉಳಿಸುವನು. ಆದರೂ ತಾಲ್ಲೂಕು ಆಸ್ಪತ್ರೆಗಿಂತ ಕೆಳಗೆ ದಂತವೈದ್ಯನಿಗೆ ಸರ್ಕಾರದಲ್ಲಿ ಹುದ್ದೆಯು ದೊರೆಯುವುದು ವಿರಳ. ಇವರು ಬರಲೊಲ್ಲರೆಂದು ದೂರುವಂತೆಯೇ ಇಲ್ಲ. ಬಂದು ಕೂರುವುದಕ್ಕೆ ಕುರ್ಚಿಯೇ ಇಲ್ಲ. ದಂತವೈದ್ಯದಲ್ಲಿ ಕುರ್ಚಿಯೇ ಮುಖ್ಯವಾದ ಉಪಕರಣವಾದುದರಿಂದ ಈ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಕುರ್ಚಿ, ವಿದ್ಯುತ್ತು, ಹತಾರಗಳು ಇವನ್ನು ಸ್ವಂತ ಸಾಲದಿಂದ ಕೊಂಡವನು ಸಾಲ ತೀರುವ ಊರಿಗೇ ಹೋಗುವನು. ಇಂಥವರಿಗೆ ಮದರಾಸಿನ ಹಳೆಯ ಸಹಾಯಧನದ ಕ್ರಮವೇ ಹೆಚ್ಚು ಒಪ್ಪುವುದೆಂದು ನನ್ನ ಊಹೆ.

ಇಲ್ಲಿ ಇಬ್ಬರು ಆಕ್ಷೇಪಿಸಬಹುದು. ಹುಟ್ಟಿದ ಊರಿಗೇ ಒಬ್ಬನನ್ನು ಕಟ್ಟುವುದು ಹುಟ್ಟಿದ ಕುಲಕ್ಕೆ ಕಟ್ಟಿದಂತಲ್ಲವೇ ಎಂಬುದು ಮೊದಲನೆಯದು. ಆಕ್ಷೇಪಕ್ಕೆ ಬಲವುಂಟು. ಆದುದರಿಂದಲೇ ಕಡ್ಡಾಯಕ್ಕಿಂತ ಆಮಂತ್ರಣವು ಮೇಲೆಂದು ಹೇಳುತ್ತಿರುವೆನು. ಬರಲೊಪ್ಪಿದವನಿಗೆ ಮಾತ್ರ ಆ ಸ್ಥಾನವನ್ನು ಕೊಟ್ಟರೆ ಬಂಧನದ ಮಾತೇ ಇಲ್ಲ. ಎರಡನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ವೈದ್ಯಕೀಯವನ್ನು ಓದುವವರಲ್ಲಿ ಹೆಣ್ಣುಮಕ್ಕಳು ಈಗ ಬಹುಸಂಖ್ಯೆಯಲ್ಲಿರುವರು. ಹೆಣ್ಣುಮಗಳಿಗೆ ಸ್ವಸ್ಥಳವಾವುದು? ತವರೇ, ಗಂಡನ ಊರೇ? ಕೌಟಿಲ್ಯನ ಚಿಕಿತ್ಸಕನಾಗಲಿ, ತಿರುಮುಕ್ಕೂಡಲಿನ ವೈದ್ಯನಾಗಲಿ ಗಂಡಸರೇ. ಅವರ ಹೆಂಡಿರು ಅವರನ್ನು ಹಿಂಬಾಲಿಸಿದರು. ಕನಕಪುರದ ಹುಡುಗಿಯೊಬ್ಬಳು ವೈದ್ಯಳಾಗಿ ಊರಿಗೆ ಬಂದರೆ ಅವಳ ಗಂಡನು ಅವಳನ್ನು ಹಿಂಬಾಲಿಸಿ ಬರುವನೇ? ಬೆಂಗಳೂರಿನ ಸಾಮೀಪ್ಯವು ಎಲ್ಲರಿಗೂ ಕೆಡುಕನ್ನೇ ಮಾಡಿದೆಯೆಂದು ನಾನು ಮೇಲೆ ಹೇಳಿದುದನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಗಂಡನು ರೈಲು ಹತ್ತಿ ಬೆಂಗಳೂರಿಗೆ ಹೋಗಿಬಂದು, ಹೆಂಡತಿಯು ಚನ್ನಪಟ್ಟಣದಲ್ಲಿಯೇ ನೆಲಸಿರುವ ಸಂಸಾರಗಳು ಸಾಧ್ಯವಾದುದು ಈ ಸಾಮೀಪ್ಯದಿಂದಲೇ. ಬೀದರಕ್ಕೆ ಈ ಅನುಕೂಲವಿಲ್ಲ.

ನೆರೆಯ ಮಂಡ್ಯದಲ್ಲಿ ಡಾಕ್ಟರ್ ಶಂಕರೇಗೌಡರು ಮಣಿಪಾಲದಲ್ಲಿ ಓದಿ, ತಮ್ಮ ಹುಟ್ಟೂರಾದ ಶಿವಳ್ಳಿಗೆ ಹಿಂದಿರುಗಿ, ಐದು ರೂಪಾಯಿಯನ್ನು ತೆಗೆದುಕೊಂಡು ಹತ್ತಾರು ವರ್ಷ ರೋಗಿಗಳನ್ನು ನೋಡಿರುವ ಸಂಗತಿಯನ್ನು ವಾಚಕರು ಬಲ್ಲರು. ಅವರಿಗೆ ಯಾವ ಮುಚ್ಚಳಿಕೆಯೂ ಇರಲಿಲ್ಲ. ಇಂಥ ಒಬ್ಬರನ್ನು ತೋರಿಸಿ ಉಳಿದವರನ್ನು ನಾಚಿಸುವುದು ಸುಲಭ. ಆದರೆ ಮಹಾತ್ಮರನ್ನು ಎಣಿಸಿಕೊಂಡು ರಾಜ್ಯದ ಆರೋಗ್ಯವನ್ನು ನಡೆಸಲಾಗದೆಂಬುದು ತಿರುಮುಕ್ಕೂಡಲಿನ ಲೆಕ್ಕಿಗನಿಗೂ ಗೊತ್ತಿದ್ದಿತು. ಅವನು ಬತ್ತವನ್ನು ಅಳೆದು ಬರೆದನು.

ಕೊನೆಯದಾಗಿ ಈ ಪತ್ರಿಕೆಯ ವಾಚಕರಲ್ಲಿ, ವಿಶೇಷವಾಗಿ ಈ ತಾಲ್ಲೂಕುಗಳಲ್ಲಿ ಪಾಠಹೇಳುತ್ತಿರುವ ಉಪಾಧ್ಯಾಯರಲ್ಲಿ, ನನ್ನದೊಂದು ಬಿನ್ನಹ. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿಗಳ ಶಾಸನಗಳಿರುವುವು. ಅವುಗಳಲ್ಲಿ ವೈದ್ಯರಿಗೆ ಸಂದ ಮಾನ್ಯಗಳನ್ನೂ ವೃತ್ತಿಗಳನ್ನೂ ಮಾತ್ರ ಆರಿಸಿ ಪಟ್ಟಿಮಾಡುವ ಕೆಲಸವನ್ನು ಯಾರಾದರೂ ಕೈಗೊಳ್ಳಬೇಕು. ಹಳ್ಳಿಗಳಲ್ಲಿ ವೈದ್ಯನ ಹೊಲ, ಪಂಡಿತನ ತೋಟ ಎಂಬಂಥ ಹೆಸರುಗಳು ಜನರ ಬಾಯಲ್ಲಿ ಉಳಿದಿದ್ದರೆ ಅವನ್ನೂ ಬರೆದುಕೊಳ್ಳಬೇಕು. ಅದರ ಪಕ್ಕದಲ್ಲಿಯೇ, ತಮ್ಮ ತಮ್ಮ ಶಾಲೆಗಳಿಂದ ಹೊರಟು ವೈದ್ಯರೂ ದಂತವೈದ್ಯರೂ ಆದವರ ಹೆಸರುಗಳನ್ನು ಹಳೆಯ ದಾಖಲೆಯ ಪುಸ್ತಕಗಳಿಂದ ತೆಗೆದು, ಅವರು ಈಗ ಎಲ್ಲಿರುವರೆಂಬುದನ್ನು ಬರೆದಿಟ್ಟರೆ ತಾಲ್ಲೂಕು ಆಸ್ಪತ್ರೆಯವರಿಗೆ ಪತ್ರ ಬರೆಯಲು ವಿಳಾಸವಾದರೂ ದೊರೆಯುವುದು. ನನ್ನ ಶಾಲೆಯ ಪಟ್ಟಿಯನ್ನು ನಾನು ಪ್ರಾರಂಭಿಸಿರುವೆನು.